ಗೊಂಬೆಯೊಳಗಿನ ನೆನಪು

ಪ್ರಶ್ನೆ: ಪರದೆಯ ಮೇಲೆ ಆಡುವ ವಿಡಿಯೋ ಗೇಮಿಗಾಗಿ ಪ್ಲಾಸ್ಟಿಕ್ ಗೊಂಬೆಗಳನ್ನು ಒಂದೊಂದಾಗಿ ಕೂಡಿಹಾಕುವುದರಲ್ಲಿ ಅಂಥ ಆಕರ್ಷಣೆ ಏನಿದೆ?

ಉತ್ತರ: ಈ ಬಗೆಯ ಆಟಗಳನ್ನು ಜನಪ್ರಿಯಗೊಳಿಸಿದ್ದು 2011ರಲ್ಲಿ ಬಂದ ‘ಸ್ಕೈಲ್ಯಾಂಡರ್ಸ್’. ಗೊಂಬೆಯ ಪೀಠದಲ್ಲಿ ಅಡಗಿರುವ ಪುಟ್ಟ ಚಿಪ್‌ಗೆ ಬ್ಯಾಟರಿ ಬೇಕಿಲ್ಲ. ಕನ್ಸೋಲಿಗೆ, ಅಂದರೆ ವಿಡಿಯೋ ಗೇಮ್ ಯಂತ್ರಕ್ಕೆ, ಜೋಡಿಸಿದ ವೇದಿಕೆಯ ಮೇಲೆ ಇಟ್ಟೊಡನೆ ಅದು ರೇಡಿಯೋ ಅಲೆಗಳಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ತಿಳಿಸುತ್ತದೆ, ವೇದಿಕೆ ಬೆಳಗುತ್ತದೆ, ಈಗಷ್ಟೇ ಕೈಯಲ್ಲಿದ್ದ ಗೊಂಬೆ ಪರದೆಯಲ್ಲಿ ಜೀವ ತಳೆಯುತ್ತದೆ. ಮಕ್ಕಳನ್ನು ಸೆರೆಹಿಡಿಯುವುದು ಆ ಕ್ಷಣವೇ. ಗಳಿಸಿದ ಬಲವೂ ನಾಣ್ಯಗಳೂ ಗೊಂಬೆಯಲ್ಲೇ ಉಳಿಯುವುದರಿಂದ, ಅದನ್ನು ಜೇಬಿಗೆ ಹಾಕಿಕೊಂಡು ಹೋಗಿ ಗೆಳೆಯನ ಮನೆಯ ಬೇರೆ ಕಂಪನಿಯ ಕನ್ಸೋಲಿನಲ್ಲೂ ಆಡಬಹುದಿತ್ತು. ಆಟದೊಳಗಿನ ಕೆಲವು ಬಾಗಿಲುಗಳು ನಿರ್ದಿಷ್ಟ ಬಗೆಯ ಗೊಂಬೆಗಳಿಗಷ್ಟೇ ತೆರೆದುಕೊಳ್ಳುತ್ತಿದ್ದವು. ಇದನ್ನು ಆಕರ್ಷಣೆ ಎನ್ನುವುದಕ್ಕಿಂತ ವ್ಯಾಪಾರದ ಜಾಣತನ ಎನ್ನುವುದೇ ಸರಿ.