ಉತ್ತರ ಸಿಕ್ಕಷ್ಟೂ ಹುಟ್ಟುವ ಪ್ರಶ್ನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ಆತನಿಗೆ 32, ಆಕೆಗೆ 29. ಪರಸ್ಪರ ಮೆಚ್ಚಿ ಮದುವೆಯಾದವರು. ಕಾಲೇಜಿನಲ್ಲಿದ್ದಾಗ ಒಬ್ಬನನ್ನು ಪ್ರೀತಿಸಿದ್ದೆ, ಅದು ಮುಗಿದುಹೋಗಿದೆ, ಈಗ ಮಾತುಕತೆಯೂ ಇಲ್ಲ ಎಂದು ಆಕೆ ಮದುವೆಗೆ ಮುಂಚೆಯೇ ಹೇಳಿದ್ದಳು. "ಅದರಲ್ಲೇನಿದೆ" ಎಂದಿದ್ದ ಆತ. ಮನಸಾರೆ ಆಡಿದ ಮಾತೇ ಅದು.

ಮದುವೆಯಾಗಿ ಕೆಲವು ತಿಂಗಳಾದ ಮೇಲೆ ಪ್ರಶ್ನೆಗಳು ಶುರುವಾದವು. ಎಲ್ಲಿ ಭೇಟಿಯಾಗುತ್ತಿದ್ದಿರಿ? ಮೊದಲು ಹೇಳಿಕೊಂಡಿದ್ದು ಯಾರು? ಅವನು ಬಿಟ್ಟನೋ, ನೀನು ಬಿಟ್ಟೆಯೋ? ಮುಚ್ಚಿಡುವಂಥದ್ದೇನೂ ಇಲ್ಲವೆಂದು ಆಕೆ ಎಲ್ಲಕ್ಕೂ ಉತ್ತರಿಸಿದಳು. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷದ ಮಾತಾಗಿದ್ದದ್ದು ನಡುರಾತ್ರಿ ದಾಟುವ ವಿಚಾರಣೆಯಾಯಿತು. ಒಮ್ಮೆ ಜೂನ್ ಎಂದವಳು ಇನ್ನೊಮ್ಮೆ ಮಳೆಗಾಲ ಮುಗಿದ ಮೇಲೆ ಎಂದರೆ ಆತ ಅದನ್ನೇ ಹಿಡಿದುಕೊಳ್ಳುತ್ತಿದ್ದ: "ಹಾಗಾದರೆ ಯಾವುದು ಸುಳ್ಳು?" ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ ಆಕೆ ಹೇಳಿದ ಮೊದಲ ಮಾತು, "ಹೇಳೋಕೆ ಇನ್ನೇನೂ ಉಳಿದಿಲ್ಲ. ಆದ್ರೂ ಕೇಳೋದು ನಿಲ್ಲಲ್ಲ."

ಇಂಥ ದೂರು ಬಂದಾಗ ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಾಡುತ್ತೇನೆ. ಆಕೆಯ ಫೋನ್ ಕಸಿದು ನೋಡುತ್ತಾನೆಯೇ, ಯಾರ ಜೊತೆ ಮಾತಾಡಬೇಕೆಂದು ಅಪ್ಪಣೆ ಕೊಡುತ್ತಾನೆಯೇ, ಬೆದರಿಸಿದ್ದಾನೆಯೇ, ಕೈ ಮಾಡಿದ್ದಾನೆಯೇ ಎಂದು ನೇರವಾಗಿಯೇ ಕೇಳುತ್ತೇನೆ. ಇವುಗಳಲ್ಲಿ ಒಂದಕ್ಕೆ ಹೌದೆಂದರೂ ಜೋಡಿಯಾಗಿ ಕೂರಿಸುವ ಮಾತಿಲ್ಲ. ಅಲ್ಲಿ ಮೊದಲು ನೋಡಬೇಕಾದದ್ದು ಆಕೆಯ ಸುರಕ್ಷತೆ. ಇವರಲ್ಲಿ ಅದ್ಯಾವುದೂ ಇರಲಿಲ್ಲ. ಈಗಿನ ಹೆಂಡತಿಯ ಮೇಲೆ ಆತನಿಗೆ ಅನುಮಾನವೂ ಇರಲಿಲ್ಲ. ಕಾಡುತ್ತಿದ್ದದ್ದು ಆಗಿಹೋದ ಕಾಲ ಮಾತ್ರ.

"ಉತ್ತರ ಸಿಕ್ಕಾಗ ಏನನ್ನಿಸುತ್ತದೆ?" ಎಂದು ಕೇಳಿದೆ. "ಒಂದರ್ಧ ಗಂಟೆ ಹಗುರ ಆಗುತ್ತೆ. ಆಮೇಲೆ ಆ ಉತ್ತರದೊಳಗಿಂದಲೇ ಇನ್ನೊಂದು ಏಳುತ್ತೆ," ಎಂದ.

ಇಡೀ ತೊಂದರೆ ಆ ಅರ್ಧ ಗಂಟೆಯಲ್ಲಿದೆ. ಸಂಕಟವನ್ನು ತಗ್ಗಿಸಿದ ಕೆಲಸವನ್ನು ಮನಸ್ಸು ನೆನಪಿಟ್ಟುಕೊಂಡು ಮತ್ತೆ ಮಾಡಿಸುತ್ತದೆ. ಕೆರೆದಷ್ಟೂ ತುರಿಕೆ ಹೆಚ್ಚುವಂತೆ, ಕೇಳಿದಷ್ಟೂ ಕೇಳಬೇಕೆನಿಸುತ್ತದೆ. ಗೀಳು ಕಾಯಿಲೆಯಲ್ಲಿ ಪದೇಪದೇ ಕೈ ತೊಳೆಯುವವರಲ್ಲಿ ನಡೆಯುವುದೂ ಇದೇ. 1966ರಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಗೀಳು ಕಾಯಿಲೆಯ ಇಬ್ಬರು ರೋಗಿಗಳ ಚಿಕಿತ್ಸೆಯನ್ನು ವರದಿ ಮಾಡಿದರು. ಅಂಜಿಕೆ ಹುಟ್ಟಿಸುವುದನ್ನು ಎದುರಿಸಬೇಕು, ಆದರೆ ಸಮಾಧಾನಕ್ಕಾಗಿ ಮಾಡುತ್ತಿದ್ದ ಆಚರಣೆಯನ್ನು ಮಾಡಬಾರದು. ಇಂದಿಗೂ ಗೀಳಿನ ಚಿಕಿತ್ಸೆಗೆ ಈ ದಾರಿ ಬಳಕೆಯಲ್ಲಿದೆ. ಈತನಿಗೆ ಗೀಳು ಕಾಯಿಲೆ ಇದೆಯೆಂದು ನಾನು ಹೇಳುತ್ತಿಲ್ಲ, ಸುಳಿ ಮಾತ್ರ ಅದೇ ಬಗೆಯದು.

"ಅದನ್ನು ಯೋಚಿಸಬೇಡ, ಬಿಟ್ಟುಬಿಡು" ಎಂದು ಗೆಳೆಯರು ಬುದ್ಧಿ ಹೇಳಿದ್ದರಂತೆ. ಅದು ಕೆಲಸಕ್ಕೆ ಬರುವ ಸಲಹೆಯಲ್ಲ. ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ನೆನಪಾಗುತ್ತಿತ್ತು. ಆಮೇಲೆ ನೆನೆಯಬಹುದು ಎಂದಾಗ, ಮೊದಲಿನಿಂದಲೂ ಅನುಮತಿ ಇದ್ದವರಿಗಿಂತ ಹೆಚ್ಚಾಗಿ ನೆನೆದರು. ಆದ್ದರಿಂದ ಯೋಚನೆ ಬಂದರೆ ಬರಲಿ, ಪ್ರಶ್ನೆ ಮಾತ್ರ ಬಾಯಿಗೆ ಬರಬಾರದು ಎಂದೆ.

ಜೂನೋ ಮಳೆಗಾಲ ಮುಗಿದ ಮೇಲೋ ಎಂಬ ಜಗಳಕ್ಕೂ ಸ್ವಲ್ಪ ಸಮಯ ಕೊಟ್ಟೆವು. ನೆನಪು ಹಾಗೆಯೇ ತೆಗೆದಿಟ್ಟ ಚಿತ್ರವಲ್ಲ, ಪ್ರತಿಸಲ ಕೇಳಿದಾಗಲೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು. ನಿದ್ದೆಗೆಟ್ಟು ಹೆದರಿ ಉತ್ತರಿಸುವವರ ವಿವರ ಕದಲುವುದು ಸಹಜ. ಆಕೆ ಇಷ್ಟು ದಿನ ಸುಳ್ಳುಗಾತಿ ಎನ್ನಿಸಿಕೊಂಡಿದ್ದಕ್ಕೆ ಈ ವಿವರಣೆ ಸಾಲದು. ಹಾಗಾಗಿ ಆ ರಾತ್ರಿಗಳಿಗಾಗಿ ಆತ ಕ್ಷಮೆ ಕೇಳಬೇಕು, ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಇರಬಾರದು ಎಂದು ಹೇಳಿದೆ.

ಮೊದಲ ಪ್ರಶ್ನೆ ಎದ್ದದ್ದು ಯಾವಾಗ ಎಂದು ಹುಡುಕುತ್ತಾ ಹೋದಾಗ ಇನ್ನೊಂದು ಸಂಗತಿ ಹೊರಬಿತ್ತು. ಕೆಲಸದಲ್ಲಿ ಆತನಿಗೆ ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋದ ವಾರವದು. ಬಹಳ ಹೊತ್ತು ಸುಮ್ಮನಿದ್ದು, "ಅವನ ಜೊತೆ ಇದ್ದಷ್ಟು ಖುಷಿ ನನ್ನ ಜೊತೆ ಇದೆಯಾ ಅಂತ ಕೇಳಬೇಕಿತ್ತು. ಅದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿದೆ," ಎಂದ. ಆಕೆಗೆ ಅದು ಗೊತ್ತೇ ಇರಲಿಲ್ಲ. ತನ್ನನ್ನು ಅಳೆಯುತ್ತಿದ್ದಾನೆ ಎಂದುಕೊಂಡಿದ್ದಳು. ಆತ ಅಳೆದುಕೊಳ್ಳುತ್ತಿದ್ದದ್ದು ತನ್ನನ್ನೇ, ಅದೂ ದಿನನಿತ್ಯದ ಜಗಳ, ದಣಿವು ಯಾವುದೂ ಇಲ್ಲದ, ತಾನೇ ಕಲ್ಪಿಸಿಕೊಂಡ ಒಬ್ಬನ ಪಕ್ಕದಲ್ಲಿ.

ಆತನಿಗೆ ಕೊಟ್ಟ ಸಲಹೆ: ಕೇಳಬೇಕೆನಿಸಿದಾಗ ಅರ್ಧ ಗಂಟೆ ತಡೆಯಿರಿ. ಈ ಉತ್ತರದಿಂದ ನಾಳೆ ನಾನು ಮಾಡುವುದೇನಾದರೂ ಬದಲಾಗುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಸಂಕಟ ಏರುತ್ತದೆ, ಯಾರೂ ಏನೂ ಮಾಡದಿದ್ದರೂ ಇಳಿಯುತ್ತದೆ, ಅದು ಇಳಿಯುವುದನ್ನು ನೀವೇ ಕಾಣಬೇಕು. ಆ ಹಳೆಯ ಗೆಳೆಯನ ಫೋಟೊಗಳನ್ನು ಜಾಲತಾಣಗಳಲ್ಲಿ ಹುಡುಕುವುದೂ ಪ್ರಶ್ನೆ ಕೇಳಿದಂತೆಯೇ, ಅದೂ ಬೇಡ.

ಆಕೆಗೆ ಹೇಳಿದ್ದು ಇನ್ನೂ ಕಷ್ಟದ ಕೆಲಸ. ಉತ್ತರಿಸುವುದನ್ನು ನಿಲ್ಲಿಸಬೇಕು. "ಏನೋ ಮುಚ್ಚಿಡ್ತಿದ್ದಾಳೆ ಅಂದ್ಕೊಂಡ್ರೆ?" ಎಂದು ಹೆದರಿದಳು. ಅದಕ್ಕೇ ಮೂವರೂ ಕೂತು, ಆತನ ಒಪ್ಪಿಗೆಯಿಂದಲೇ ಒಂದು ಮಾತು ಗೊತ್ತುಮಾಡಿಕೊಂಡೆವು: "ಇದು ಸಂಕಟದ ಪ್ರಶ್ನೆ, ಉತ್ತರ ಕೊಡಲ್ಲ. ಆದ್ರೆ ಇಲ್ಲೇ ಇದ್ದೀನಿ." ಮುಖ ತಿರುಗಿಸಿ ಹೇಳಿದರೆ ಅದು ಶಿಕ್ಷೆಯಾಗುತ್ತದೆ. ಪಕ್ಕದಲ್ಲಿ ಕೂತೇ ಹೇಳಬೇಕು.

ಮೊದಲ ದಿನಗಳಲ್ಲಿ ಹೆಚ್ಚಾಗಬಹುದು ಎಂದು ಎಚ್ಚರಿಸಿದ್ದೆ, ಹಾಗೆಯೇ ಆಯಿತು. ಎರಡನೆಯ ವಾರ ಬಿಟ್ಟೇಬಿಡೋಣ ಎಂದು ಫೋನ್ ಮಾಡಿದರು. ಬಿಡಲಿಲ್ಲ. ಕ್ರಮೇಣ ಪ್ರಶ್ನೆಗಳ ನಡುವಿನ ಬಿಡುವು ಹಿಗ್ಗಿತು. ಹಾಗಾಗದಿದ್ದಲ್ಲಿ, ಯೋಚನೆಯೇ ದಿನದ ಹಲವು ಗಂಟೆಗಳನ್ನು ನುಂಗುತ್ತಿದ್ದಲ್ಲಿ, ಅಥವಾ ಆಧಾರವಿಲ್ಲದೆ "ಈಗಲೂ ಮೋಸ ಮಾಡುತ್ತಿದ್ದಾಳೆ" ಎಂಬ ಅಲುಗದ ನಂಬಿಕೆ ಇದ್ದಲ್ಲಿ ಮನೋವೈದ್ಯರ ಬಳಿಗೆ ಕಳಿಸುತ್ತಿದ್ದೆ.

ಆತನಿಗೆ ಪ್ರಶ್ನೆ ಈಗಲೂ ಅಪರೂಪಕ್ಕೆ ಏಳುತ್ತದೆ. ಆಕೆಯದು ಬೇರೆ ತೊಡಕು: ಕಾಲೇಜಿನ ಗೆಳತಿಯರ ಸುದ್ದಿ ಎತ್ತಲೂ ಹಿಂಜರಿಕೆ, ಆಡುವ ಮುನ್ನ ಪ್ರತಿ ಮಾತನ್ನೂ ತೂಗಿ ನೋಡುವ ಅಭ್ಯಾಸ. ಈಗಿನ ಭೇಟಿಗಳೆಲ್ಲ ಅದಕ್ಕೇ ಮೀಸಲು.