ಬೋಸ್ 901 ಸ್ಪೀಕರಿಗೆ ಅದರ ಈಕ್ವಲೈಜರ್ ಬೇಕೇ ಬೇಕಾ?

ಹಳೆಯ ಬೋಸ್ 901 ಜೋಡಿ ಕೈಗೆ ಬಂದಿದೆ, ಜೊತೆಗೆ ಬಂದ ಈಕ್ವಲೈಜರ್ ಡಬ್ಬಿಯನ್ನು ಎಲ್ಲಿ ಸೇರಿಸಬೇಕೋ ಗೊತ್ತಾಗುತ್ತಿಲ್ಲ, ಅದನ್ನು ಬಿಟ್ಟು ಆಂಪ್ಲಿಫೈಯರಿನ ಬಾಸ್, ಟ್ರೆಬಲ್ ನಾಬ್ ತಿರುಗಿಸಿದರೆ ಸಾಲದಾ ಅಂತ ಕೇಳಿದ್ದೀರಿ. ಸಾಲದು. ನಾನು ಈ ಸ್ಪೀಕರುಗಳನ್ನು ಬಹಳ ಕಾಲದಿಂದ ಕೇಳುತ್ತಿದ್ದೇನೆ. ಇವನ್ನು ಬೈಯುವವರಲ್ಲಿ ಎಷ್ಟೋ ಜನ ಆ ಡಬ್ಬಿ ಇಲ್ಲದೆಯೇ ಕೇಳಿ ಬೈದಿರುತ್ತಾರೆ. ನನಗೆ ಅದು ನಿಜಕ್ಕೂ ಬೇಜಾರಿನ ವಿಷಯ.

1968ರ ಮೊದಲ ಮಾದರಿಯಿಂದಲೂ ಇದರ ಲೆಕ್ಕ ಒಂದೇ. ಒಂದು ಪೆಟ್ಟಿಗೆಯಲ್ಲಿ ಒಂಬತ್ತು ಚಿಕ್ಕ ಡ್ರೈವರ್, ಅಂದರೆ ಕೋನ್ ಅಲುಗಾಡಿಸಿ ಸದ್ದು ಹೊರಡಿಸುವ ಭಾಗ, ಎಲ್ಲವೂ ಒಂದೇ ಥರದವು. ಬಾಸ್‌ಗೆ ಬೇರೆ ವೂಫರ್ ಇಲ್ಲ, ಟ್ರೆಬಲ್‌ಗೆ ಟ್ವೀಟರ್ ಇಲ್ಲ, ಸದ್ದನ್ನು ಅವಕ್ಕೆ ಹಂಚಿಕೊಡುವ ಕ್ರಾಸ್‌ಓವರೂ ಇಲ್ಲ. ಅಷ್ಟು ಚಿಕ್ಕ ಕೋನ್ ತಾನಾಗಿಯೇ ಆಳದ ಬಾಸ್ ಕೊಡುವುದಿಲ್ಲ, ಮೇಲಿನ ಟ್ರೆಬಲ್ಲೂ ಇಳಿದುಹೋಗುತ್ತದೆ. ಎಲ್ಲಿ ಎಷ್ಟು ಇಳಿಯುತ್ತದೋ ಅಲ್ಲಿ ಅಷ್ಟನ್ನು ಎತ್ತಿಕೊಡುವುದು ಈಕ್ವಲೈಜರಿನ ಕೆಲಸ. ಅಂದರೆ ಅದು ಸ್ಪೀಕರಿನದೇ ಒಂದು ಭಾಗ, ಪೆಟ್ಟಿಗೆಯ ಹೊರಗಿದೆ ಅಷ್ಟೇ. ಬಾಸ್ ನಾಬ್ ತಿರುಗಿಸಿದರೆ ಬೇಕಾದ 40 ಹರ್ಟ್ಜ್ ಜೊತೆಗೆ ಬೇಡದ 200 ಹರ್ಟ್ಜ್ ಕೂಡ ಮೇಲೇಳುತ್ತದೆ. ಹಾಡುವವರ ದನಿ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ.

ಸೇರಿಸುವುದು ಕಷ್ಟವಲ್ಲ. ಆಂಪ್ಲಿಫೈಯರಿನಲ್ಲಿ ಟೇಪ್ ಮಾನಿಟರ್ (ಸಿಗ್ನಲನ್ನು ಹೊರಗೆ ಕಳಿಸಿ ಮತ್ತೆ ಒಳಗೆ ತರುವ ಸಾಕೆಟ್ ಜೋಡಿ) ಇದ್ದರೆ, ಟೇಪ್ ಔಟ್‌ನಿಂದ ಈಕ್ವಲೈಜರಿನ ಇನ್‌ಪುಟ್‌ಗೆ ಒಂದು ವೈರು, ಈಕ್ವಲೈಜರಿನ ಔಟ್‌ಪುಟ್‌ನಿಂದ ಟೇಪ್ ಇನ್‌ಗೆ ಇನ್ನೊಂದು. ಆಮೇಲೆ ಮಾನಿಟರ್ ಬಟನ್ ಒತ್ತಿ. ಪ್ರೀ ಔಟ್, ಮೇನ್ ಇನ್ ಬೇರೆ ಬೇರೆ ಇದ್ದರೆ ಅವೆರಡರ ನಡುವೆ ಹಾಕಿ. ಇವು ಯಾವುದೂ ಇಲ್ಲವಾ? ಹಾಡು ಬರುವ ಪ್ಲೇಯರ್ ಮತ್ತು ಆಂಪ್ಲಿಫೈಯರ್ ನಡುವೆ ಹಾಕಿದರೂ ಆಯಿತು. ಹಾಗೆ ಮಾಡಿದಾಗ ಆ ಪ್ಲೇಯರಿನ ಹಾಡು ಮಾತ್ರ ಈಕ್ವಲೈಜರ್ ಮೂಲಕ ಹೋಗುತ್ತದೆ, ಆಂಪ್ಲಿಫೈಯರ್ ಒಳಗಿನ ಬ್ಲೂಟೂತ್, ರೇಡಿಯೊ ಹೋಗುವುದಿಲ್ಲ. ಸ್ಪೀಕರ್ ವೈರನ್ನು ಮಾತ್ರ ಯಾವ ಕಾರಣಕ್ಕೂ ಈ ಡಬ್ಬಿಗೆ ಕೊಡಬೇಡಿ.

ಈಕ್ವಲೈಜರ್ ಓಡುತ್ತಿರುವಾಗ ಅದೇ ಆಂಪ್ಲಿಫೈಯರಿಗೆ ಬೇರೆ ಸ್ಪೀಕರ್ ಹಾಕಿದರೆ ಅದು ಬೊಬ್ಬಿಡುತ್ತದೆ. ಆಂಪ್ಲಿಫೈಯರಿನಲ್ಲಿ ಬಾಸ್ ಎತ್ತುವ ಲೌಡ್‌ನೆಸ್ ಬಟನ್ ಆಫ್ ಇರಲಿ, ಟೋನ್ ನಾಬುಗಳು ಮಧ್ಯದಲ್ಲಿರಲಿ.

ಇನ್ನೊಂದು ಮುಖ್ಯ ವಿಷಯ, ಸೀರೀಸ್, ಅಂದರೆ ನಿಮ್ಮ 901 ಎಷ್ಟನೆಯ ಆವೃತ್ತಿ ಅನ್ನುವುದನ್ನು ನೋಡಿಕೊಳ್ಳಿ. ಮೊದಲೆರಡು ಸೀರೀಸ್ ಪೂರ್ತಿ ಮುಚ್ಚಿದ ಪೆಟ್ಟಿಗೆಗಳು. ಮೂರನೆಯದರಿಂದ ಮುಂದಿನವುಗಳಲ್ಲಿ ಗಾಳಿ ಆಡುವ ಪೋರ್ಟ್ ಇದೆ. ಪೋರ್ಟ್ ಇರುವ ಪೆಟ್ಟಿಗೆಯಲ್ಲಿ ಒಂದು ಮಟ್ಟಕ್ಕಿಂತ ಕೆಳಗಿನ ಬಾಸ್ ಬಂದರೆ ಕೋನಿಗೆ ಗಾಳಿಯ ಹಿಡಿತವೇ ಇರುವುದಿಲ್ಲ, ಸುಮ್ನೆ ಹಿಂದೆ ಮುಂದೆ ಹಾರಾಡುತ್ತದೆ. ಅದಕ್ಕೇ ಹಳೆಯ ಸೀರೀಸಿನ ಈಕ್ವಲೈಜರನ್ನು ಹೊಸದಕ್ಕೆ, ಹೊಸದನ್ನು ಹಳೆಯದಕ್ಕೆ ಹಾಕಬಾರದು.

ಈಗ ಆಂಪ್ಲಿಫೈಯರ್. ಸದ್ದನ್ನು 3 ಡೆಸಿಬೆಲ್ ಎತ್ತಿದರೆ ಎರಡರಷ್ಟು ಪವರ್ ಬೇಕು, 10 ಡೆಸಿಬೆಲ್ ಎತ್ತಿದರೆ ಹತ್ತರಷ್ಟು. ಹಾಡಿನ ಮಧ್ಯಭಾಗಕ್ಕೆ 2 ವ್ಯಾಟ್ ಸಾಕಾಗುವ ಹೊತ್ತಿನಲ್ಲಿ, 10 ಡೆಸಿಬೆಲ್ ಎತ್ತಿದ ಬಾಸ್‌ಗೆ 20 ವ್ಯಾಟ್ ಹೋಗುತ್ತದೆ. ವಾಲ್ಯೂಮ್ ಇನ್ನೊಂಚೂರು ಏರಿಸಿದರೆ ಚಿಕ್ಕ ಆಂಪ್ಲಿಫೈಯರ್ ಅಲ್ಲೇ ಸೋತಿತು. ಇದನ್ನು ಕಿವಿಯಲ್ಲೇ ಹಿಡಿಯಬಹುದು: ಡ್ರಮ್ಮಿನ ಪ್ರತಿ ಗುದ್ದಿಗೂ ಹಾಡುವವರ ದನಿ ಒಂದು ಕ್ಷಣ ಒರಟಾಗುತ್ತದೆ. ಹಾಗಾದ ಕೂಡಲೇ ವಾಲ್ಯೂಮ್ ಇಳಿಸಿ. ಜೋರಾಗಿ ಕೇಳುವ ಆಸೆ ಇದ್ದರೆ ದೊಡ್ಡ ಆಂಪ್ಲಿಫೈಯರ್ ತನ್ನಿ, ಇಲ್ಲವೇ ಸುಮಾರು 80 ಹರ್ಟ್ಜ್ ಕೆಳಗಿನದನ್ನು ಸಬ್‌ವೂಫರಿಗೆ ಬಿಟ್ಟುಕೊಡಿ. 901 ಕಡೆಗೆ ಹೋಗುವ ಸಿಗ್ನಲ್‌ನಿಂದ ಆ ಭಾಗ ನಿಜವಾಗಿ ಕಡಿತವಾಗಿರಬೇಕು. ಸಬ್‌ವೂಫರನ್ನು ಬರೀ ಪಕ್ಕದಲ್ಲಿಟ್ಟರೆ ಹೊರೆ ಇಳಿಯುವುದಿಲ್ಲ.

ಇಡುವ ಜಾಗಕ್ಕೆ ಜಾಸ್ತಿ ಸಮಯ ಕೊಡಿ. ಒಂಬತ್ತರಲ್ಲಿ ಎಂಟು ಡ್ರೈವರ್ ಗೋಡೆಯ ಕಡೆ, ಒಂದೇ ಒಂದು ನಿಮ್ಮ ಕಡೆ. ಎಂಟು ಇರುವ ಮಗ್ಗುಲನ್ನು ಕೇಳುವವರ ಕಡೆ ತಿರುಗಿಸಿ ಇಟ್ಟವರೂ ಇದ್ದಾರೆ, ಅದನ್ನು ಮೊದಲು ನೋಡಿಕೊಳ್ಳಿ. ಸದ್ದಿನ ಹೆಚ್ಚು ಪಾಲು ಗೋಡೆಗೆ ಬಡಿದು ಬರುವುದರಿಂದ ಗೋಡೆ ಹೇಗಿದೆಯೋ ಸದ್ದೂ ಹಾಗೇ. ಹಿಂದೆ ದಪ್ಪ ಪರದೆ ಇದ್ದರೆ ಟ್ರೆಬಲ್ ಅದರಲ್ಲೇ ಇಂಗಿಹೋಗುತ್ತದೆ. ಒಂದು ಸ್ಪೀಕರಿನ ಹಿಂದೆ ಗಟ್ಟಿ ಗೋಡೆ, ಇನ್ನೊಂದರ ಹಿಂದೆ ತೆರೆದ ಬಾಗಿಲಿದ್ದರೆ ಹಾಡುವವರು ಒಂದು ಪಕ್ಕಕ್ಕೆ ಸರಿದ ಹಾಗೆ ಕೇಳುತ್ತದೆ. ಗೋಡೆಯಿಂದ ಒಂದು ಅಡಿ ದೂರದಲ್ಲಿ ಇಟ್ಟು ಶುರು ಮಾಡಿ. ಬಾಸ್ ಗುಂಯ್‌ಗುಟ್ಟಿದರೆ ಮೂಲೆಯಿಂದ ಈಚೆಗೆ ಎಳೆಯಿರಿ. ಎರಡೆರಡು ಇಂಚು ಸರಿಸಿ, ಕೂತು ಕೇಳಿ, ಮತ್ತೆ ಸರಿಸಿ. ಈಕ್ವಲೈಜರಿನ ಗುಂಡಿಗಳನ್ನು ಮುಟ್ಟುವುದು ಇದೆಲ್ಲ ಮುಗಿದ ಮೇಲೆ. ಜಾಗದಿಂದ ಬಂದ ತೊಂದರೆಯನ್ನು ಗುಂಡಿಯಿಂದ ಸರಿಮಾಡಲು ಹೋದರೆ ಎರಡೂ ಕೆಡುತ್ತವೆ.

ಹಳೆಯ ಜೋಡಿ ಅಂದಿರಿ ಅಲ್ವಾ, ಹಾಗಾದರೆ ಕೋನಿನ ಸುತ್ತಲಿನ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಫೋಮ್ ಅಂಚಿನವು ವಯಸ್ಸಾದಂತೆ ಅಂಟಂಟಾಗಿ ಪುಡಿಯಾಗುತ್ತವೆ. ಬೆರಳಿಗೆ ಪುಡಿ ಹತ್ತಿದರೆ ಒಂದೆರಡನ್ನಲ್ಲ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಒಂದು ಪಕ್ಕ ಸದ್ದು ಕಡಿಮೆ ಬರುತ್ತಿದ್ದರೆ, ಆಂಪ್ಲಿಫೈಯರ್ ಆಫ್ ಮಾಡಿ ಈಕ್ವಲೈಜರಿನ ಔಟ್‌ಪುಟ್ಟಿನಲ್ಲಿ ಎಡ ಬಲ ವೈರುಗಳನ್ನು ಅದಲುಬದಲು ಮಾಡಿ. ದೋಷವೂ ಪಕ್ಕ ಬದಲಿಸಿದರೆ ಅದು ಡಬ್ಬಿಯಲ್ಲಿ ಅಥವಾ ಅದಕ್ಕಿಂತ ಹಿಂದೆ ಇದೆ. ಹಳೆಯ ಡಬ್ಬಿಯಾದರೆ ನನ್ನ ಮೊದಲ ಅನುಮಾನ ಒಣಗಿದ ಕೆಪಾಸಿಟರುಗಳ ಮೇಲೆ. ದೋಷ ಅಲ್ಲೇ ಉಳಿದರೆ ಆಂಪ್ಲಿಫೈಯರ್ ಅಥವಾ ಸ್ಪೀಕರ್ ನೋಡಬೇಕು.

ಡಬ್ಬಿ ರಿಪೇರಿಯಾಗದಷ್ಟು ಹಾಳಾಗಿದ್ದರೆ ಕಂಪ್ಯೂಟರಿನ ಈಕ್ವಲೈಜರ್ ತಂತ್ರಾಂಶದಿಂದಲೂ ಕೆಲಸ ನಡೆಯುತ್ತದೆ. ಅಳೆಯುವ ಮೈಕ್ ಒಂದು ಬೇಕು. ಎತ್ತಿದಷ್ಟನ್ನೂ ಮೊದಲೇ ಒಟ್ಟು ಮಟ್ಟದಿಂದ ಇಳಿಸಿಡಿ: 12 ಡೆಸಿಬೆಲ್ ಎತ್ತುವುದಾದರೆ ಪ್ರೀಆಂಪ್ ಮಟ್ಟ ಮೈನಸ್ 12. ಇಲ್ಲದಿದ್ದರೆ ಸಿಗ್ನಲ್ ಆಂಪ್ಲಿಫೈಯರಿಗೆ ಬರುವ ಮುಂಚೆಯೇ ಒಡೆಯುತ್ತದೆ. ಅಳತೆಯ ಗೆರೆಯಲ್ಲಿ ಕಿರಿದಾದ ಆಳ ಗುಂಡಿ ಕಂಡರೆ ತುಂಬಲು ಹೋಗಬೇಡಿ. ಅಲ್ಲಿ ನೇರ ಬಂದ ಸದ್ದು, ಗೋಡೆಯಿಂದ ಬಂದ ಸದ್ದು ಒಂದನ್ನೊಂದು ಹೊಡೆದುಹಾಕುತ್ತಿರುತ್ತವೆ. ಎಷ್ಟು ಪವರ್ ಸುರಿದರೂ ಅದು ತುಂಬುವುದಿಲ್ಲ. ಮೈಕನ್ನು ಒಂದು ಅಡಿ ಪಕ್ಕಕ್ಕೆ ಸರಿಸಿ ಮತ್ತೆ ಅಳೆಯಿರಿ. ಎರಡೂ ಕಡೆ ಕಾಣುವ ಅಗಲವಾದ ಇಳಿತವನ್ನು ಮಾತ್ರ ಸರಿಮಾಡಿ.

ನಿಮ್ಮದು ಯಾವ ಸೀರೀಸ್, ಆಂಪ್ಲಿಫೈಯರಿನ ಹಿಂದೆ ಯಾವ ಯಾವ ಸಾಕೆಟ್ ಇವೆ ಅಂತ ಬರೆಯಿರಿ. ಯಾವ ವೈರು ಎಲ್ಲಿಗೆ ಅಂತ ಬಿಡಿಸಿ ಹೇಳುತ್ತೇನೆ.