ಮೆಟ್ರೊದಲ್ಲಿ 20 ನಿಮಿಷ, ಅಂಗೈಯಲ್ಲಿ ಒಂದು ಚಿತ್ರ

ದಿನನಿತ್ಯದ ಓಡಾಟದ ನಡುವೆ ಮೊಬೈಲಿನಲ್ಲಿಯೋ ಟ್ಯಾಬ್ಲೆಟ್ಟಿನಲ್ಲಿಯೋ ಚಿತ್ರ ಬಿಡಿಸುವವರು ಕಳುಹಿಸಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಯಾವ ಉಪಕರಣ ಕೊಳ್ಳಬೇಕೆಂದಷ್ಟೇ ಕೇಳಿದವರಿಗೆ ಮೊದಲನೆಯ ಉತ್ತರದಲ್ಲಿಯೇ ಉತ್ತರವಿದೆ.

ಪ್ರಶ್ನೆ: ನಾನು ವಿಜಯನಗರದಿಂದ ಎಂ.ಜಿ. ರಸ್ತೆಗೆ ದಿನವೂ ಮೆಟ್ರೊದಲ್ಲಿ ಹೋಗಿಬರುವ ಬ್ಯಾಂಕ್ ಉದ್ಯೋಗಿ. ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಪರೀಕ್ಷೆಗಳನ್ನು ಪಾಸು ಮಾಡಿದ್ದೆ. ಆಮೇಲೆ ಕುಂಚ ಮುಟ್ಟಿಲ್ಲ. ಈಗ ಪ್ರಯಾಣದ 20 ನಿಮಿಷಗಳಲ್ಲಿ ಸಹಪ್ರಯಾಣಿಕರನ್ನು ಫೋನಿನಲ್ಲಿ ಬಿಡಿಸಲು ಹೊರಟಿದ್ದೇನೆ. ಮುಖ ಅರ್ಧವಾಗುವಷ್ಟರಲ್ಲಿ ಅವರು ಇಳಿದು ಹೋಗಿರುತ್ತಾರೆ. ಟ್ಯಾಬ್ಲೆಟ್ ಕೊಂಡರೆ ವೇಗ ಬರುತ್ತದೆಯೇ? (ವಿಜಯನಗರದ ಓದುಗರು)

ಉತ್ತರ: ಟ್ಯಾಬ್ಲೆಟ್ಟಿನಿಂದ ವೇಗ ಬರುವುದಿಲ್ಲ. ನಿಮ್ಮ ತೊಡಕಿರುವುದು ಮುಖದಿಂದ ಆರಂಭಿಸುವುದರಲ್ಲಿ. ಪರೀಕ್ಷೆಯ ಮೇಜಿನ ಮೇಲಿಟ್ಟ ಹೂಜಿ ಎದ್ದು ಹೋಗುವುದಿಲ್ಲವಾದ್ದರಿಂದ ಅಲ್ಲಿ ಎಲ್ಲಿಂದ ಆರಂಭಿಸಿದರೂ ನಡೆಯುತ್ತಿತ್ತು. ಮೆಟ್ರೊದ ಮನುಷ್ಯನಿಗೆ ಆ ತಾಳ್ಮೆಯಿಲ್ಲ. ಮೊದಲ ಅರ್ಧ ನಿಮಿಷದಲ್ಲಿ ತಲೆಯಿಂದ ಸೊಂಟದವರೆಗಿನ ಬಾಗನ್ನು ಒಂದೇ ಗೆರೆಯಲ್ಲಿ ಹಿಡಿಯಿರಿ, ಎರಡು ಭುಜಗಳ ಓರೆಯನ್ನು ಇನ್ನೊಂದು ಗೆರೆಯಲ್ಲಿ ಗುರುತಿಸಿ, ಆಮೇಲೆ ದೇಹದ ಒಟ್ಟು ಆಕಾರವನ್ನು ಅಗಲವಾದ ಬ್ರಷ್ಷಿನಿಂದ ಒಂದೇ ಬಣ್ಣದಲ್ಲಿ ತುಂಬಿಬಿಡಿ. ಇಷ್ಟಾದ ಮೇಲೆ ಅವರು ಇಳಿದು ಹೋದರೂ ನಿಮ್ಮ ಬಳಿ ಒಂದು ಚಿತ್ರ ಉಳಿದಿರುತ್ತದೆ. ಮುಖದಿಂದ ಆರಂಭಿಸಿದರೆ ಉಳಿಯುವುದು ಒಂದು ಕಣ್ಣು, ಮುಕ್ಕಾಲು ಮೂಗು.

ಯಾರನ್ನು ಆರಿಸಿಕೊಳ್ಳಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ನಿಮ್ಮ ಕಡೆಯಿಂದ ಹತ್ತಿದವರಲ್ಲಿ ಬಹಳ ಮಂದಿ ಹಸಿರು ಮಾರ್ಗಕ್ಕೆ ಬದಲಾಯಿಸಲು ಮೆಜೆಸ್ಟಿಕ್‌ನಲ್ಲಿ ಇಳಿದುಬಿಡುತ್ತಾರೆ. ಆದ್ದರಿಂದ ಮೆಜೆಸ್ಟಿಕ್‌ವರೆಗೆ ಕೈಗಳು, ಬ್ಯಾಗುಗಳು, ಮೇಲಿನ ಹಿಡಿಕೆಗೆ ಜೋತುಬಿದ್ದ ಮಣಿಕಟ್ಟುಗಳು ಇಂಥ ಬಿಡಿ ವಸ್ತುಗಳಲ್ಲಿ ಕೈ ಪಳಗಿಸಿ, ಇಡೀ ಮನುಷ್ಯನನ್ನು ಅಲ್ಲಿಂದ ಮುಂದಕ್ಕೆ ಎತ್ತಿಕೊಳ್ಳಿ. ಫೋನು ನೋಡುತ್ತಾ ಕುಳಿತವರಷ್ಟು ಅಲುಗಾಡದ ಮಾದರಿ ಇನ್ನೊಂದಿಲ್ಲ. ನಿದ್ದೆ ಮಾಡುವವರು ಕೂಡ ಅವರಿಗಿಂತ ಹೆಚ್ಚು ತೂಗಾಡುತ್ತಾರೆ. ಬೆಳಕಿನ ವಿಚಾರದಲ್ಲಿ ನೀವು ಅದೃಷ್ಟವಂತರು. ಮಾಗಡಿ ರಸ್ತೆ ನಿಲ್ದಾಣ ದಾಟಿ ರೈಲು ನೆಲದೊಳಕ್ಕೆ ಹೊಕ್ಕಿತೆಂದರೆ ಕಬ್ಬನ್ ಪಾರ್ಕ್ ಕಳೆದು ಮತ್ತೆ ಮೇಲಕ್ಕೆ ಏರುವ ತನಕ ಬೋಗಿಯ ಬೆಳಕು ಒಂದೇ ಬಗೆಯಾಗಿರುತ್ತದೆ. ನೆರಳುಗಳು ಇದ್ದಲ್ಲಿಯೇ ಇರುತ್ತವೆ. ಬಣ್ಣ ಹಾಕುವುದಿದ್ದರೆ ಆ ಸುರಂಗದ ಹೊತ್ತನ್ನು ಬಳಸಿಕೊಳ್ಳಿ, ಮೇಲಿನ ಹಳಿಯ ಮೇಲಿರುವಾಗ ಗೆರೆಗಳನ್ನಷ್ಟೇ ಎಳೆಯಿರಿ.

ಉಪಕರಣದ ಮಾತಿಗೆ ಬರುತ್ತೇನೆ. ನಿಂತು ಪ್ರಯಾಣಿಸುವವರಿಗೆ ಒಂದು ಕೈ ಹಿಡಿಕೆಗೆ ಮೀಸಲು. ಉಳಿದ ಕೈಯಲ್ಲಿ ಫೋನು ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಬಿಡಿಸುವುದನ್ನು ಕಲಿಯಬಹುದು. ಇಂಗ್ಲೆಂಡಿನ ಹೆಸರಾಂತ ಕಲಾವಿದ ಡೇವಿಡ್ ಹಾಕ್ನಿ ಅವರು 2009ರ ಹೊತ್ತಿಗೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಐಫೋನಿನ ಪುಟ್ಟ ಪರದೆಯ ಮೇಲೆ ಹೆಬ್ಬೆರಳಿನಿಂದಲೇ ಹೂವುಗಳನ್ನೂ ಕಿಟಕಿಯಾಚೆಯ ಬೆಳಗನ್ನೂ ಬಿಡಿಸಿ ಸ್ನೇಹಿತರಿಗೆ ಕಳುಹಿಸುತ್ತಿದ್ದರು. ಸ್ಕೆಚ್‌ಬುಕ್ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ, ಫೋನಿಗೆ ಅದು ಸಾಕು. ಮುಂದೆ ಎಂದಾದರೂ ಟ್ಯಾಬ್ಲೆಟ್ ಕೊಳ್ಳುವುದಾದರೆ ನೋಡಬೇಕಾದ ಸಂಗತಿ ಒಂದೇ: ಅದರ ಪೆನ್ನಿಗೆ ಕೈಯ ಒತ್ತಡ ತಿಳಿಯುತ್ತದೆಯೇ? ಒತ್ತಿದರೆ ದಪ್ಪ, ಸಡಿಲಿಸಿದರೆ ಸಣ್ಣ ಎಂಬ ಗೆರೆಯ ಏರಿಳಿತ ಬರುವುದು ಅದರಿಂದ. ಸ್ಯಾಮ್‌ಸಂಗ್‌ನ ಎಸ್ ಪೆನ್ನಿಗೆ ಈ ಗುಣವಿದೆ. ಆ್ಯಪಲ್ ಪೆನ್ಸಿಲ್‌ಗಳಲ್ಲಿ 2023ರಲ್ಲಿ ಬಂದ ಯುಎಸ್‌ಬಿ-ಸಿ ಮಾದರಿಯೊಂದನ್ನು ಬಿಟ್ಟು ಉಳಿದವುಗಳಿಗೆ ಇದೆ. ಬೆಲೆ ಕಡಿಮೆಯೆಂದು ಆ ಮಾದರಿಯನ್ನೇ ಕೊಂಡು ಆಮೇಲೆ ಪೇಚಾಡುವವರನ್ನು ಕಂಡಿದ್ದೇನೆ. ಅಂಗಡಿಗಳಲ್ಲಿ ಸಿಗುವ ರಬ್ಬರ್ ತುದಿಯ ಅಗ್ಗದ ಸ್ಟೈಲಸ್ ಪರದೆಯ ಮಟ್ಟಿಗೆ ಬೆರಳಿದ್ದಂತೆಯೇ, ಅದಕ್ಕೆ ಒತ್ತಡದ ಅರಿವಿಲ್ಲ.

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿನಿ. ಟ್ಯಾಬ್ಲೆಟ್ಟಿನಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳಿವೆ, ಮುಗಿದದ್ದು ನಾಲ್ಕೋ ಐದೋ ಇರಬೇಕು. ಒಂದು ಗೆರೆಯನ್ನು ಹತ್ತು ಸಲ ಅಳಿಸಿ ಎಳೆಯುತ್ತೇನೆ, ಕೊನೆಗೆ ಬೇಸರ ಬಂದು ಬಿಟ್ಟುಬಿಡುತ್ತೇನೆ. (ಜಯನಗರದ ಓದುಗರು)

ಉತ್ತರ: ಎರಡು ಬೆರಳಿನಿಂದ ತಟ್ಟಿದರೆ ಹಿಂದಿನ ಗೆರೆ ಮಾಯವಾಗುವ ಆ ಅನ್‌ಡೂ ಸೌಲಭ್ಯವನ್ನು ನಾನು ಡಿಜಿಟಲ್ ಚಿತ್ರಕಲೆಯ ವರವೆಂದು ಎಂದೂ ಒಪ್ಪಿಲ್ಲ. ಕಾಗದದ ಮೇಲೆ ತಪ್ಪಿದ ಗೆರೆ ಅಲ್ಲಿಯೇ ಉಳಿದು, ಸರಿಯಾದ ಗೆರೆ ಎಲ್ಲಿರಬೇಕೆಂಬುದನ್ನು ತೋರಿಸುತ್ತಿರುತ್ತದೆ. ಪರದೆಯ ಮೇಲೆ ಅದನ್ನು ಅಳಿಸಿದೊಡನೆ ದಾರಿ ತೋರಿಸುವ ಗುರುತೂ ಹೋಗಿಬಿಡುತ್ತದೆಯಾದ್ದರಿಂದ ಮರಳಿ ಅದೇ ತಪ್ಪನ್ನು ಮಾಡುತ್ತೇವೆ. ಒಂದು ತಿಂಗಳ ಮಟ್ಟಿಗೆ ಅನ್‌ಡೂವನ್ನು ಬಿಟ್ಟುಬಿಡಿ. ಹಲವು ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ಆ ತಟ್ಟುವಿಕೆಯನ್ನೇ ನಿಷ್ಕ್ರಿಯಗೊಳಿಸಬಹುದು. ತಪ್ಪಿದ ಗೆರೆಯ ಪಕ್ಕದಲ್ಲಿಯೇ ಇನ್ನೊಂದನ್ನು ಎಳೆಯಿರಿ. ಒಂದೇ ಲೇಯರ್ (ಪಾರದರ್ಶಕ ಹಾಳೆಯಂತೆ ಒಂದರ ಮೇಲೊಂದು ಪೇರಿಸುವ ಪದರ), ಒಂದೇ ಬ್ರಷ್, ಝೂಮ್ ಬೇಡ.

ನಿಮ್ಮಲ್ಲಿ ಐಪ್ಯಾಡ್ ಇದ್ದು ಪ್ರೊಕ್ರಿಯೇಟ್ ಎಂಬ ಚಿತ್ರ ಬಿಡಿಸುವ ಆ್ಯಪ್ ಬಳಸುತ್ತಿದ್ದರೆ, ನೀವು ಬಿಡಿಸಿದ ಕ್ರಮವನ್ನೆಲ್ಲ ಅದು ತಾನಾಗಿಯೇ ಚಿತ್ರೀಕರಿಸಿಕೊಂಡು ವೇಗವಾಗಿ ಓಡಿಸಿ ತೋರಿಸುತ್ತದೆ. ಬಿಟ್ಟುಬಿಟ್ಟ ಚಿತ್ರಗಳಲ್ಲಿ ಒಂದೆರಡರ ವಿಡಿಯೊ ನೋಡಿ. ಚಿತ್ರ ನಿಜವಾಗಿ ನಿಂತುಹೋದ ಕ್ಷಣ ಯಾವುದೆಂಬುದು ನಿಮಗೇ ಕಾಣುತ್ತದೆ. ನನ್ನ ವಿಚಾರದಲ್ಲಂತೂ ಅದು ಬಹುತೇಕ ಝೂಮ್ ಮಾಡಿ ರೆಪ್ಪೆಯ ಕೂದಲು ಬಿಡಿಸಲು ಹೊರಟ ಕ್ಷಣವಾಗಿತ್ತು.

ಪ್ರಶ್ನೆ: ನಿವೃತ್ತ ಶಿಕ್ಷಕಿ ನಾನು. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಕುಳಿತು ಟ್ಯಾಬ್ಲೆಟ್ಟಿನಲ್ಲಿ ಮರಗಳನ್ನು ಬಿಡಿಸುತ್ತೇನೆ. ಅಲ್ಲಿ ಹದವಾಗಿ ಕಂಡ ಬಣ್ಣ ಮನೆಗೆ ಬಂದು ನೋಡಿದರೆ ಕಣ್ಣಿಗೆ ರಾಚುತ್ತದೆ. ರಾತ್ರಿ ಮಲಗುವ ಮುನ್ನ ತಿದ್ದಿದರೆ ಮರುದಿನ ಎಲ್ಲವೂ ನೀಲಿಗೆ ತಿರುಗಿರುತ್ತದೆ. ಟ್ಯಾಬ್ಲೆಟ್ ಕೆಟ್ಟಿದೆಯೇ? (ಬಸವನಗುಡಿಯ ಓದುಗರು)

ಉತ್ತರ: ಕೆಟ್ಟಿಲ್ಲ, ಅಮ್ಮ. ಬಿಸಿಲಿನಲ್ಲಿ ಪರದೆಯ ಮೇಲೆ ಆಕಾಶವೂ ಪ್ರತಿಫಲಿಸುವುದರಿಂದ ಗಾಢ ಬಣ್ಣಗಳೆಲ್ಲ ಬೂದು ಬಳಿದಂತೆ ಕಾಣುತ್ತವೆ. ಆ ಮಂಕನ್ನು ಮೀರಿಸಲು ನಮ್ಮ ಕೈ ತಿಳಿಯದೆಯೇ ಇನ್ನಷ್ಟು ಕಟುವಾದ ಹಸಿರನ್ನೂ ಕೆಂಪನ್ನೂ ಆರಿಸುತ್ತದೆ; ಮನೆಯ ನೆರಳಿಗೆ ಬಂದೊಡನೆ ಮಂಕು ಹೋಗಿ ಕಟುತ್ವ ಮಾತ್ರ ಉಳಿಯುತ್ತದೆ. ರಾತ್ರಿಯ ನೀಲಿಗೆ ಕಾರಣ ಬೇರೆ. ಕಣ್ಣಿಗೆ ಹಿತವಾಗಲೆಂದು ಸಂಜೆಯ ಮೇಲೆ ಪರದೆಯನ್ನು ಹಳದಿಯಾಗಿಸುವ ವ್ಯವಸ್ಥೆಯೊಂದು ಟ್ಯಾಬ್ಲೆಟ್ಟಿನಲ್ಲಿರುತ್ತದೆ. ಆ ಹಳದಿಯನ್ನು ಸರಿದೂಗಿಸಲು ನೀವು ನೀಲಿ ಬೆರೆಸುತ್ತಾ ಹೋಗುತ್ತೀರಿ, ಬೆಳಿಗ್ಗೆ ಹಳದಿ ತೊಲಗಿದಾಗ ನೀಲಿ ಉಳಿಯುತ್ತದೆ. ಬಣ್ಣ ಹಾಕುವಾಗ ಆ ವ್ಯವಸ್ಥೆಯನ್ನು ಆಫ್ ಮಾಡಿಡಿ. ಪರದೆಯ ಹೊಳಪು ತನ್ನಷ್ಟಕ್ಕೆ ಏರಿಳಿಯುವುದನ್ನೂ ನಿಲ್ಲಿಸಿ, ಹೊಳಪನ್ನು ಒಂದೇ ಮಟ್ಟದಲ್ಲಿ ಇಡಿ.

ಲಾಲ್‌ಬಾಗಿನಲ್ಲಿ ದಟ್ಟ ನೆರಳಿಗೆ ಕೊರತೆಯಿಲ್ಲ. ಬಂಡೆಯ ಮೇಲೆ ಮಾತ್ರ ಕೂರಬೇಡಿ. ನೇರ ಬಿಸಿಲಿಗೆ ಟ್ಯಾಬ್ಲೆಟ್ ಕಾದರೆ ಅದು ತಾನಾಗಿಯೇ ಹೊಳಪು ಇಳಿಸಿಕೊಳ್ಳುತ್ತದೆ, ನೀವೆಷ್ಟು ಏರಿಸಿದರೂ ಏರುವುದಿಲ್ಲ. ಪೋಲರೈಸ್ಡ್ ತಂಪು ಕನ್ನಡಕ ಧರಿಸುವವರಾದರೆ ಅದನ್ನೂ ತೆಗೆದಿಡಬೇಕು, ಕೆಲವು ಪರದೆಗಳು ಅದರ ಮೂಲಕ ಕಪ್ಪಾಗಿಯೇ ಕಾಣುತ್ತವೆ.

ಇಷ್ಟೆಲ್ಲ ಮಾಡಿದರೂ ಬಯಲಿನಲ್ಲಿ ಪರದೆಯ ಬಣ್ಣವನ್ನು ಪೂರ್ತಿ ನಂಬಲಾಗದು. ನಾನು ಅನುಸರಿಸುವ ಕ್ರಮವೆಂದರೆ, ಮರದಡಿ ಕುಳಿತಾಗ ಬಿಳುಪು, ಬೂದು, ಕಪ್ಪು ಈ ಮೂರರಲ್ಲಿಯೇ ಬೆಳಕು ನೆರಳನ್ನು ಹಿಡಿದು, ಚಿತ್ರದ ಅಂಚಿನಲ್ಲಿ ಬಣ್ಣಗಳನ್ನು ಮಾತಿನಲ್ಲಿ ಬರೆದುಕೊಳ್ಳುವುದು: ‘ಹೊಂಗೆಯ ಚಿಗುರು, ನಿಂಬೆಗಿಂತ ಹಸಿರು’, ‘ಟಬೂಬಿಯಾ, ನೆರಳಿನ ಕಡೆ ನೇರಳೆ’ ಎಂಬಂತೆ. ಬಣ್ಣ ತುಂಬುವ ಕೆಲಸ ಮನೆಯ ಕಿಟಕಿಯ ಪಕ್ಕದಲ್ಲಿ. ಶಿಕ್ಷಕಿಯಾಗಿದ್ದ ನಿಮಗೆ ಮಾತಿನ ಟಿಪ್ಪಣಿ ಇನ್ನೂ ಸುಲಭವಾಗಬಹುದು. ಈ ನಗರದ ಹೂಬಿಟ್ಟ ಮರಗಳನ್ನೂ ಸಾಲುಮರದ ರಸ್ತೆಗಳನ್ನೂ ಬಯಲಿನಲ್ಲಿಯೇ ಕುಳಿತು ಚಿತ್ರಿಸಿದ ರುಮಾಲೆ ಚನ್ನಬಸವಯ್ಯ (1910–1988) ಅವರ ಕೃತಿಗಳನ್ನು ಒಮ್ಮೆ ಎದುರಿನಲ್ಲಿ ನಿಂತು ನೋಡಿ. ಹೂವಿನ ಕೆಂಪು ಉರಿಯುವಂತೆ ಕಾಣಲು ಸುತ್ತಲಿನ ಬಣ್ಣಗಳ ನೆರವು ಎಷ್ಟಿದೆ ಎಂಬುದು ಅಲ್ಲಿ ತಿಳಿಯುತ್ತದೆ.

ಪ್ರಶ್ನೆ: ಫೋನಿನಲ್ಲಿ ಬಿಡಿಸಿದ ಗಾಂಧಿ ಬಜಾರಿನ ಚಿತ್ರಗಳನ್ನು ಎ4 ಅಳತೆಯಲ್ಲಿ ಮುದ್ರಿಸಿ ಜನವರಿಯ ಚಿತ್ರಸಂತೆಯಲ್ಲಿ ಇಡಬೇಕೆಂದಿದ್ದೇನೆ. ಪರೀಕ್ಷಾರ್ಥವಾಗಿ ಮುದ್ರಿಸಿದಾಗ ಮಸುಕಾಗಿ ಬಂತು. (ಹನುಮಂತನಗರದ ಓದುಗರು)

ಉತ್ತರ: ನೀವು ಕಳುಹಿಸಿದ ಚಿತ್ರದ ಅಳತೆ 1080 ಮತ್ತು 1920 ಪಿಕ್ಸೆಲ್. ಅಂಗುಲಕ್ಕೆ 300 ಚುಕ್ಕೆಗಳ ಲೆಕ್ಕದಲ್ಲಿ ಮುದ್ರಿಸಿದರೆ ಅದು ಸುಮಾರು 9 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಉದ್ದಕ್ಕೆ ಸಾಲುತ್ತದೆ. ಎ4 ಹಾಳೆಗೆ 2480 ಮತ್ತು 3508 ಪಿಕ್ಸೆಲ್ ಬೇಕು. ಆ ಅಳತೆಯನ್ನು ಚಿತ್ರ ಆರಂಭಿಸುವ ಮೊದಲೇ ನಿಗದಿಪಡಿಸಬೇಕು, ಆಮೇಲೆ ಹಿಗ್ಗಿಸಿದರೆ ಮಸುಕೂ ಹಿಗ್ಗುತ್ತದೆ. ದೊಡ್ಡ ಅಳತೆ ಆರಿಸಿಕೊಂಡರೆ ಲೇಯರ್‌ಗಳ ಸಂಖ್ಯೆ ಕಡಿಮೆಯಾಗುತ್ತದೆ, ಅದು ಫೋನಿನ ಮೆಮೊರಿಯ ಮಿತಿ. ಈಗಾಗಲೇ ಮುಗಿದ ಚಿತ್ರಗಳನ್ನು ಅಂಚೆ ಕಾರ್ಡಿನ ಅಳತೆಯಲ್ಲಿ ಮುದ್ರಿಸಿ. ಸಂತೆಗೆ ಬರುವವರು ಚಿಕ್ಕದನ್ನೂ ಕೊಳ್ಳುತ್ತಾರೆ.

ಪರದೆ ಬೆಳಕನ್ನು ಬೆರೆಸಿ ಬಣ್ಣ ತೋರಿಸುತ್ತದೆ, ಮುದ್ರಣ ಯಂತ್ರ ಶಾಯಿಯನ್ನು ಬೆರೆಸುತ್ತದೆ. ಹೊಳೆಯುವ ಗುಲಾಬಿಯೂ ಗಿಳಿ ಹಸಿರೂ ಶಾಯಿಯಲ್ಲಿ ಪರದೆಯಷ್ಟು ಹೊಳೆಯುವುದಿಲ್ಲ. ಕನಕಾಂಬರದ ರಾಶಿಯನ್ನು ನೀವು ಅಷ್ಟು ಚೆನ್ನಾಗಿ ಬಿಡಿಸಿದ್ದೀರಿ, ಆದ್ದರಿಂದ ಒಟ್ಟಿಗೆ ಮುದ್ರಿಸುವ ಮೊದಲು ಒಂದು ಪ್ರತಿ ತೆಗೆಸಿ ಆ ಬಣ್ಣ ಹೇಗೆ ಬಂದಿದೆಯೆಂದು ನೋಡಿಕೊಳ್ಳಿ. ಅಂಗಡಿಗೆ ಕಡತ ಕಳುಹಿಸುವಾಗ ಪಿಎನ್‌ಜಿ ರೂಪದಲ್ಲಿರಲಿ, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳುಹಿಸಿ. ಫೋಟೊ ಆಗಿ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

ಪ್ರಶ್ನೆ: ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಿದ್ದ ಹಿರಿಯರೊಬ್ಬರನ್ನು ಬಿಡಿಸುತ್ತಿದ್ದೆ. ಫೋಟೊ ತೆಗೆಯುತ್ತಿದ್ದೇನೆಂದು ಅವರು ರೇಗಿದರು. ಏನು ಮಾಡಬೇಕಿತ್ತು? (ಮಲ್ಲೇಶ್ವರದ ಓದುಗರು)

ಉತ್ತರ: ಅವರ ಸಿಟ್ಟು ಸಹಜವಾದದ್ದು. ಕಾಗದ, ಪೆನ್ಸಿಲ್ ಹಿಡಿದವನು ಏನು ಮಾಡುತ್ತಿದ್ದಾನೆಂದು ದೂರದಿಂದಲೇ ತಿಳಿಯುತ್ತದೆ. ತಮ್ಮ ಕಡೆ ತಿರುಗಿದ ಫೋನು ನೋಡುವವರಿಗೆ ಕ್ಯಾಮೆರಾ. ಫೋನನ್ನು ಎದೆಯ ಮಟ್ಟಕ್ಕೆ ಎತ್ತದೆ ಮೇಜಿನ ಮೇಲೆ ಮಲಗಿಸಿಟ್ಟು ಬಿಡಿಸಿ, ಕ್ಯಾಮೆರಾ ನೆಲ ನೋಡುತ್ತಿರಲಿ. ಯಾರಾದರೂ ಗಮನಿಸಿದರೆ ಮುಚ್ಚಿಡಲು ಹೋಗದೆ, ‘ನಿಮ್ಮ ಚಿತ್ರ ಬರೆಯುತ್ತಿದ್ದೆ ಸಾರ್, ನೋಡಿ’ ಎಂದು ಪರದೆಯನ್ನು ಅವರತ್ತ ತಿರುಗಿಸಿ. ಬೇಡವೆಂದರೆ ಅವರ ಎದುರಿನಲ್ಲಿಯೇ ಅಳಿಸಿಬಿಡಿ. ಜಯನಗರದ ಓದುಗರಿಗೆ ಬೇಡವೆಂದ ಅನ್‌ಡೂ ಇಲ್ಲಿ ಕೆಲಸಕ್ಕೆ ಬರುತ್ತದೆ. ನನಗೆ ಎದುರಾದವರಲ್ಲಿ ಹೆಚ್ಚಿನವರು ಅಳಿಸಲು ಹೇಳಿಲ್ಲ. ಮೂಗು ಸರಿಯಾಗಿ ಬಂದಿಲ್ಲ ಎಂದವರು ಇದ್ದಾರೆ, ಒಬ್ಬರಂತೂ ತಮ್ಮ ನಂಬರಿಗೆ ಕಳುಹಿಸಿಕೊಳ್ಳುವ ತನಕ ಎದ್ದು ಹೋಗಲಿಲ್ಲ.